ತೊಡೆಗೆ ಬಿಗಿದ ಪಟ್ಟಿ

ಮಾರ್ಚ್ ೪

ಫೋನ್ ಎತ್ತದ ಮಗಳಿಗೆ,

ಅಮ್ಮನ ಆಶೀರ್ವಾದ ಇದೆ, ಸಿಟ್ಟೂ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಯಲ್ಲಿ ಪೆನ್ನು ಹಿಡಿಸಿದ್ದೀಯ. ಕತ್ತರಿ ಹಿಡಿಯುವ ಬೆರಳಿಗೆ ಇದೆಂಥ ಶಿಕ್ಷೆ. ಒಂಬತ್ತು ಸಲ ಫೋನ್ ಮಾಡಿದೆ. ಇನ್ನು ಕಾಗುಣಿತ ತಪ್ಪಿದ್ದರೆ ನಿನ್ನ ಹಣೆಬರಹ, ಓದಿಕೋ.

ಮಂಡಿ ಚೆನ್ನಾಗಿದೆ. ಮಡಚುತ್ತೇನೆ, ನೀಡುತ್ತೇನೆ. ಕೆಟ್ಟಿರುವುದು ಪಾದ. ಮಂಡಿಯ ಆಪರೇಷನ್ ಆಗಿ ಏಳು ವಾರವಾಯಿತು, ಮುಂಗಾಲು ಇನ್ನೂ ಮೇಲೇಳುವುದಿಲ್ಲ. ನಡೆದರೆ ಒದ್ದೆ ಬಟ್ಟೆಯ ಹಾಗೆ ಪಟ್ ಅಂತ ನೆಲಕ್ಕೆ ಬೀಳುತ್ತದೆ. ಹೊಲಿಗೆ ಯಂತ್ರದ ಪೆಡಲಿನ ಮೇಲಿಟ್ಟರೆ ಜಾರುತ್ತದೆ. ಮೊನ್ನೆ ನಿಮ್ಮಪ್ಪ ಅಂಗಡಿಯ ನೆಲದ ಮೇಲೆ ಕೆಂಪು ಚುಕ್ಕಿಗಳನ್ನು ನೋಡಿ, ಇದ್ಯಾರದ್ದೇ ರಕ್ತ ಅಂದರು. ನನ್ನದೇ. ಗುಂಡುಸೂಜಿ ಅಂಗಾಲಿಗೆ ತಲೆಯವರೆಗೂ ಹೊಕ್ಕಿತ್ತು. ಬೆಳಿಗ್ಗೆಯಿಂದ ಅದರ ಮೇಲೇ ಓಡಾಡಿದ್ದೆ, ಗೊತ್ತೇ ಆಗಿರಲಿಲ್ಲ.

ನರದ ಡಾಕ್ಟರ ಹತ್ತಿರ ಹೋದೆ. ರಕ್ತ ಹರಿಯದಿರಲಿ ಅಂತ ತೊಡೆಗೆ ಗಾಳಿ ತುಂಬಿದ ಪಟ್ಟಿ ಬಿಗಿಯುತ್ತಾರಲ್ಲ, ಅದು ಎಷ್ಟು ಹೊತ್ತು ಇತ್ತು ಅಂತ ಕೇಳಿದರು. ನಿಮ್ಮ ಆಸ್ಪತ್ರೆಯ ಹಾಳೆ ತೋರಿಸಿದೆ. ಒಂದು ಗಂಟೆ ಇಪ್ಪತ್ತು ನಿಮಿಷ ಅಂತ ಇದೆ. ಅಷ್ಟಕ್ಕೇ ನರ ಇಷ್ಟು ಸೋಲೋದು ಕಷ್ಟ ಕಣಮ್ಮ, ಬೆನ್ನಲ್ಲೇನಾದ್ರೂ ತೊಂದ್ರೆ ಇದ್ಯಾ ಅಂದರು. ಈಗ ಬೆನ್ನಿನಲ್ಲಿ ಹುಡುಕಲು ಹೊರಟಿದ್ದಾರೆ.

ಹಾಳೆಯ ಅಕ್ಷರ ನಿನ್ನದು.

ನನಗೆ ಮರಗಟ್ಟಿಸಿದ್ದು ಸೊಂಟದ ಕೆಳಗೆ, ತಲೆಗಲ್ಲ. ಪರದೆಯ ಆಚೆಯಿಂದ ನೀನು, ಪಟ್ಟಿ ಬಿಗಿದಾಯ್ತು, ಒಂಬತ್ತೂ ಇಪ್ಪತ್ತು ಅಂತ ಕೂಗಿದೆ. ಹಾಗೆ ಹೊತ್ತು ಕೂಗುವುದು ನನ್ನ ಕೆಲಸ ಅಂತ ನೀನೇ ಜಂಬದಿಂದ ಹೇಳಿದ್ದೆ. ಗೋಡೆಯ ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು. ಪಟ್ಟಿ ಬಿಟ್ಟಾಯ್ತು ಅಂದಾಗ ಹನ್ನೆರಡೂ ಹತ್ತು. ಅಷ್ಟು ಲೆಕ್ಕ ನನಗೂ ಬರುತ್ತದೆ.

ಬರುವ ಇಪ್ಪತ್ತನೇ ತಾರೀಖು ನಿನ್ನ ಚಿಕ್ಕಮ್ಮ ಮಂಡಿ ಆಪರೇಷನ್ನಿಗೆ ಅದೇ ಮೇಜಿನ ಮೇಲೆ ಮಲಗುತ್ತಾಳೆ. ಒಳಗೆ ನಮ್ಮ ಹುಡುಗೀನೇ ಇರ್ತಾಳೆ, ನಂಗೇನಕ್ಕಾ ಭಯ ಅಂದಳು. ಬಾಯಿಬಿಟ್ಟರೆ ನಿನ್ನ ಕೆಲಸ ಹೋಗುತ್ತದೆ ಅಂತ ಸುಮ್ಮನೆ ತಲೆಯಾಡಿಸಿದೆ.

ಇಂತಿ,
ನಿನ್ನ ಅಮ್ಮ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಹನ್ನೊಂದೂ ಇಪ್ಪತ್ತಕ್ಕೆ, ಬಿಗಿದು ಎರಡು ಗಂಟೆಯಾದ ಕೂಡಲೇ, ಆ ಪಟ್ಟಿಯ ಯಂತ್ರ ಗಂಟೆ ಹೊಡೆದುಕೊಂಡಿತು. ತಲೆ ಚಿಟ್ಟುಹಿಡಿದು, ಅದರ ಬಾಯಿ ಮುಚ್ಚಿಸೇ ಅಂತ ರೇಗಿದವಳು ನಾನೇ. ನಾನು ರೇಗಿದರೆ ನೀನು ಚಿಕ್ಕಂದಿನಿಂದಲೂ ಮೊದಲು ಹೇಳಿದ್ದು ಮಾಡಿ, ಆಮೇಲೆ ಯೋಚಿಸುವವಳು. ಅವತ್ತೂ ನೀನು ಹಾಗೇ ಮುಚ್ಚಿಸಿದೆ. ಮತ್ತೆ ಅದು ಹೊಡೆದುಕೊಳ್ಳಲಿಲ್ಲ, ನೀನು ಹೊತ್ತು ಕೂಗಲೂ ಇಲ್ಲ. ನಿನ್ನ ಚಿಕ್ಕಮ್ಮನ ಬಾಯಿ ನನಗಿಂತ ಜೋರು. ನಿಜವಾದ ಹೊತ್ತು ಬರೆದು ನಿಮ್ಮ ದೊಡ್ಡ ಡಾಕ್ಟರಿಗೆ ಕೊಡು. ಅಮ್ಮ ಗದರಿಸಿದಳು ಅಂತಲೂ ಬರೆ. ಕೊಟ್ಟೆ ಅಂತ ಉತ್ತರ ಹದಿನಾರನೇ ತಾರೀಖಿನೊಳಗೆ ನನ್ನ ಕೈ ಸೇರಬೇಕು.