ಮಿಸ್ಟರ್ ಸಿದ್ದಬಸಪ್ಪ ಎಂದರೆ ನಾನೇ

ವಿಮಾನ ಚಾಲಕರಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ವಿಮಾನ ಹಾರಿಸಿದವನು ನಾನು. ತಾವು ವಿಚಾರಣೆಗೆ ಕರೆದಿರುವುದು ಹೋದ ವರ್ಷ ಲಿಂಗೈಕ್ಯರಾದ ನಮ್ಮ ತಂದೆಯವರನ್ನು.

ಎಡವಟ್ಟು ಎಲ್ಲಾಯಿತೆಂದು ಹೇಳುತ್ತೇನೆ. ಇಲ್ಲಿನ ಶಾಲೆಯ ಪ್ರಮಾಣಪತ್ರದಲ್ಲಿ ನಾನು ಎಸ್. ಏಕಾಂತಯ್ಯ, ಎಸ್. ಎಂದರೆ ಸಿದ್ದಬಸಪ್ಪ, ನಮ್ಮಪ್ಪ. ಇಂಗ್ಲೆಂಡಿನ ಹಾರಾಟದ ಶಾಲೆಯವರು ಮನೆತನದ ಹೆಸರು ಕೇಳಿದರು. ನಮ್ಮಲ್ಲಿ ಅಂಥದ್ದಿಲ್ಲ ಎಂದರೂ ಬಿಡದೆ, ಆ ಎಸ್. ಅನ್ನು ಬಿಡಿಸಿ ಬರೆದು, ಏಕಾಂತಯ್ಯನನ್ನು ಇ. ಎಂದು ಮೊಟಕು ಮಾಡಿ, ಮಿಸ್ಟರ್ ಇ. ಸಿದ್ದಬಸಪ್ಪ ಎಂದು ಬರೆದುಕೊಂಡರು. ಹಾರಾಟದ ಪುಸ್ತಕದ ಮುನ್ನೂರ ಹನ್ನೆರಡು ಗಂಟೆಯೂ ಆ ಹೆಸರಿನಲ್ಲೇ ಇದೆ. ಇಲ್ಲಿನ ಪರವಾನಗಿಗೆ ನಾನು ಹಾಕಿದ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲೂ ಅದೇ ಇದೆಯಷ್ಟೆ? ಆದ್ದರಿಂದ ತಮ್ಮ ಕಚೇರಿಯ ಪ್ರಕಾರ ಹಾರಿದ್ದು ಅಪ್ಪ, ಪರವಾನಗಿ ಕೇಳುತ್ತಿರುವುದು ಮಗ. ಎಂಥ ಸೂಕ್ಷ್ಮದೃಷ್ಟಿ ಸ್ವಾಮಿ! ಅಕ್ಕಿಪೇಟೆಯಲ್ಲಿ ಮಂಡಿ ಇಟ್ಟಿದ್ದ ನಮ್ಮಪ್ಪನಿಗೆ ಎತ್ತರವೆಂದರೆ ತಲೆಸುತ್ತು. ಮದುವೆಮನೆಯಲ್ಲಿ ಮಹಡಿಯ ಮೇಲೆ ಎಲೆ ಹಾಕಿದರೆ ಉಣ್ಣದೆ ಮನೆಗೆ ಬರುತ್ತಿದ್ದರು. ಅವರು ಆರು ಸಾವಿರ ಅಡಿ ಮೇಲೆ ಮೋಡದೊಳಗೆ ಹೋಗಿಬಂದರೆಂದು ಸರ್ಕಾರವೇ ಹೇಳಿದರೆ ನಾನು ಅಲ್ಲವೆನ್ನಲೇ?

ಎರಡು ವರ್ಷ ಆ ದೇಶದಲ್ಲಿ ನನ್ನನ್ನು ಏಕಾಂತ ಎಂದು ಕರೆದವರು ಒಬ್ಬರೂ ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕೂಗಿಕೊಂಡದ್ದುಂಟು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಪ್ಪ ಹೋದರೆಂಬ ಕಾಗದ ನನ್ನ ಕೈಸೇರುವಾಗ ಇಲ್ಲಿ ಎಲ್ಲ ಮುಗಿದು ಹನ್ನೆರಡು ದಿನವಾಗಿತ್ತು. ಮರುದಿನ ಬೆಳಿಗ್ಗೆ ಮೈದಾನದಲ್ಲಿ ನಮ್ಮ ಉಪಾಧ್ಯಾಯರು ಎಂದಿನಂತೆ ಸಿದ್ದಬಸಪ್ಪ ಎಂದು ಕೂಗಿದರು. ಮೂರು ಸಲ ಕೂಗಿದರು. ಆಮೇಲೆ ಹೋಗಿ ವಿಮಾನ ಹತ್ತಿದೆ, ಇನ್ನೇನು ಮಾಡಲಿ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಊರಿಗೆ ಬಂದ ಮೇಲೆ ಅದು ಅರ್ಥವಾಯಿತು. ತಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. "ಹಾರಿದೋರು ಬಂದು ಸಹಿ ಹಾಕ್ಲಿ ಸ್ವಾಮಿ, ಮಧ್ಯೆ ನೀವ್ಯಾಕೆ ಓಡಾಡ್ತೀರಾ?" ಎಂದರು. ಹೋದ ವಾರ, ಶ್ರೀ ಸಿದ್ದಬಸಪ್ಪನವರು ಖುದ್ದಾಗಿ ಹಾಜರಾಗತಕ್ಕದ್ದು ಎಂಬ ತಮ್ಮ ಪತ್ರ ಮನೆಗೆ ಬಂತು. ನಮ್ಮ ತಾಯಿ ಗುರುಬಸಮ್ಮನವರಿಗೆ ಓದಲು ಬಾರದು. ಲಕೋಟೆಯ ಮೇಲೆ ಯಾರ ಹೆಸರಿದೆಯೆಂದು ಟಪಾಲಿನವನನ್ನು ಕೇಳಿ ತಿಳಿದು, ಅದನ್ನು ಸೆರಗಿನಲ್ಲಿ ಒರೆಸಿ, ದೇವರ ಮುಂದೆ ಇಟ್ಟಿದ್ದರು.

"ಅವರ ಹೆಸರಿಗೆ ಕಾಗ್ದ ಬಂದು ವರ್ಷದ ಮೇಲಾಗಿತ್ತು ಕಣೋ. ಏನ್ ಬರೆದಿದಾರೆ?" ಎಂದರು. ನಾನು ಓದಿ, ಮಡಿಚಿ, ಮತ್ತೆ ದೇವರ ಮುಂದೆಯೇ ಇಟ್ಟೆ.

ನನ್ನ ಇಂಗ್ಲೆಂಡಿನ ಪರವಾನಗಿಯ ಅವಧಿ ಈ ತಿಂಗಳ ಮೂವತ್ತಕ್ಕೆ ತೀರುತ್ತದೆ. ಅಷ್ಟರೊಳಗೆ ಇಲ್ಲಿಯದು ಸಿಗದಿದ್ದರೆ, ಅಪ್ಪನ ಮಂಡಿ ನೋಡಿಕೊಳ್ಳುತ್ತಿರುವ ಅಣ್ಣನ ಪಕ್ಕದಲ್ಲಿ ಕೂರುವುದೊಂದೇ ದಾರಿ. ಅದು ಅವಮಾನವಲ್ಲ, ಆದರೆ ನನಗೆ ಬರುವ ಕೆಲಸ ಅದಲ್ಲ. ಆದ್ದರಿಂದ ಎರಡು ಹೆಸರೂ ಒಬ್ಬನವೇ ಎಂದು ಮೂವತ್ತರೊಳಗೆ ಒಂದು ಸಾಲು ಬರೆದು ಮೊಹರು ಹಾಕಿಕೊಡಿ. ಅದು ಕಾನೂನಿಗೆ ಒಗ್ಗದೆಂದಾದರೆ, ಮುನ್ನೂರ ಹನ್ನೆರಡು ಗಂಟೆ ಆಕಾಶದಲ್ಲಿ ಹಾರಿದವರು ನಮ್ಮಪ್ಪನೇ ಎಂದಾದರೂ ಬರೆದುಕೊಡಿ. ಅಮ್ಮನಿಗೆ ಓದಿ ಹೇಳುತ್ತೇನೆ.

ಇಂತಿ,
ಯಾವ ಹೆಸರಿನಿಂದ ಕರೆದರೂ ಓಗೊಡಲು ಕಾದಿರುವ
ಎಸ್. ಏಕಾಂತಯ್ಯ
ಚಾಮರಾಜಪೇಟೆ, ೧೯೫೧