ಕದಲದ ಲಿಫ್ಟು

ಪ್ರೀತಿಯ ಅಕ್ಕ,

ಮುಖ್ಯ ಕಚೇರಿಗೆ ಬಂದು ಸೇರಿದೆ. ಕೊಟ್ಟಿರುವ ಕೋಣೆ ಏಳನೇ ಮಹಡಿಯಲ್ಲಿ, ಆದರೂ ಮೆಟ್ಟಿಲು ಹತ್ತಿಯೇ ಹೋಗುತ್ತೇನೆ. ಮಂಡಿ ಹಿಡಿದುಕೊಂಡಿದೆ, ನೀನು ಕೊಟ್ಟ ಮುಲಾಮು ಮುಗಿಯಿತು.

ಲಿಫ್ಟಿನ ಪ್ರೋಗ್ರಾಂನಲ್ಲಿ ತಪ್ಪಿಲ್ಲವೆಂದು ಗಣಿತದಿಂದ ಸಾಧಿಸುವುದಲ್ಲವೇ ನನ್ನ ಕೆಲಸ? 'ಲಿಫ್ಟ್ ಚಲಿಸುವಾಗ ಬಾಗಿಲು ಮುಚ್ಚಿಯೇ ಇರುತ್ತದೆ' ಎಂದು ಕೊಟ್ಟಾಗ ಕಂಪ್ಯೂಟರ್ ಸರಿ ಎಂದಿತ್ತು. ನಿನ್ನೆ ಸುಮ್ಮನೆ 'ತೆರೆದೇ ಇರುತ್ತದೆ' ಎಂದು ಕೊಟ್ಟೆ. ಅದಕ್ಕೂ ಸರಿ ಎಂದಿತು. ಹುಡುಕಿದರೆ, ನಾವು ಹೋದ ವರ್ಷ ಕಂಪ್ಯೂಟರಿಗೆ ಬರೆದುಕೊಟ್ಟ ಷರತ್ತುಗಳ ಪ್ರಕಾರ ಲಿಫ್ಟು ನೆಲಮಹಡಿಯಿಂದ ಕದಲುವುದೇ ಇಲ್ಲ. ಕದಲದ ಲಿಫ್ಟಿನ ಓಡಾಟದ ಬಗ್ಗೆ ಏನು ಹೇಳಿದರೂ ಸುಳ್ಳಾಗುವುದಿಲ್ಲ. ಅಂದರೆ ನಿಜವಾಗಿ ಓಡುವ ಲಿಫ್ಟನ್ನು ನಾವು ಪರೀಕ್ಷಿಸಿಯೇ ಇಲ್ಲ.

"ಕಂಪ್ಯೂಟರೇ ಸರಿ ಅಂದ್ಮೇಲೆ ನಿಂದೇನಮ್ಮ ತಕರಾರು?" ಎಂದರು ಮೇಲಧಿಕಾರಿ. ಫೋನಿನಲ್ಲಿ ಯಾರಿಗೂ ಹೇಳಕೂಡದಂತೆ. ಅಂಚೆ ಕಾರ್ಡಿನ ಮಾತು ಎತ್ತಲಿಲ್ಲ, ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಆಸ್ಪತ್ರೆಗೆ ಹೋದ ವರ್ಷ ಹಾಕಿದ್ದು ಇದೇ ಲಿಫ್ಟು. ಸ್ಟ್ರೆಚರ್ ತಳ್ಳುವ ಮೊದಲು, ಬಾಗಿಲು ತೆರೆದಿದ್ದರೂ, ಒಳಗೆ ನೆಲ ಇದೆಯೇ ಎಂದು ಬಗ್ಗಿ ನೋಡು. ಜೊತೆಯ ನರ್ಸುಗಳಿಗೂ ಹೇಳು. ಗೋಡೆಗೆ ಅಂಟಿಸಿರುವ ಪ್ರಮಾಣಪತ್ರ ನೋಡಿ ನಂಬಬೇಡ. ಅದರ ಕೆಳಗಿರುವ ಸಹಿ ನನ್ನದು.

ನಿನ್ನ ತಂಗಿ