ಸಬ್‌ಟೈಟಲ್‌ನಲ್ಲಿ ಇಲ್ಲದ್ದು

ಮಾರ್ಚ್ ೪, ಮಂಗಳವಾರ

ಇಡೀ ದಿನ ಹೋಟೆಲಿನ ಪರದೆಗಳು. ಹಬೆ ಇಸ್ತ್ರಿ ಹಿಡಿದು ಹಿಡಿದು ಬಲಗೈ ನನ್ನದಲ್ಲ ಅನ್ನಿಸುತ್ತಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಹೊಲಿಗೆ ಮೇಜಿನ ಗುಂಡಿ ಕೇಳಿದಳು (ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಕಿತ್ತ ಗುಂಡಿಗಳೆಲ್ಲ ಅವಳ ಪಾಲು, ಹೆಸರೂ ಅದೇ ಆಗಿಹೋಗಿದೆ): "ಇವತ್ತೂ ನಿಮ್ಮ ಚೈನಾ ದೆವ್ವಗಳೇನಾ?"

ಹೌದು ಅಂದೆ.

"ಈ ವಯಸ್ಸಲ್ಲಿ?"

ಮತ್ತೆ ಯಾವ ವಯಸ್ಸಿನಲ್ಲಿ ದೆವ್ವ ನೋಡಬೇಕಂತೆ? ನಮ್ಮವರು ಅಂತ ಒಬ್ಬರೂ ಸತ್ತಿರದ ವಯಸ್ಸಿನಲ್ಲಾ?

ಮನೆಗೆ ಬಂದರೆ ಅತ್ತೆ ಟಿ.ವಿ. ಮುಂದೆ ಕುರ್ಚಿ ಎಳೆದುಕೊಂಡು ತಯಾರು. ಅವರಿಗೆ ಬಣ್ಣ ಕಾಣುತ್ತದೆ, ಓಡಾಡುವ ಆಕಾರ ಕಾಣುತ್ತದೆ. ಅಕ್ಷರ ಕಾಣುವುದಿಲ್ಲ. ಕಂಡರೂ ಇಂಗ್ಲಿಷ್ ಬಾರದು. ಹಾಗಾಗಿ ಕೆಳಗೆ ಬರುವ ಸಬ್‌ಟೈಟಲ್ಲನ್ನೆಲ್ಲ ನಾನೇ ಕನ್ನಡ ಮಾಡಿ ಹೇಳಬೇಕು. ಗಂಡಸರಿಗೆ ಗಡಸು ದನಿ, ಹೆಂಗಸರಿಗೆ ನನ್ನದೇ ದನಿ. ಇವರು ಹೋದ ಮೇಲೆ ಶುರುವಾದದ್ದು. ಇವರು ಅಂದರೆ ನನ್ನ ಗಂಡ, ಅವರ ಹಿರೀಮಗ. ಆ ಮೊದಲ ವಾರಗಳಲ್ಲಿ ಇಬ್ಬರಿಗೂ ಮಾತಾಡಲು ಏನೂ ಇರಲಿಲ್ಲ. ಟಿ.ವಿ. ಹಚ್ಚಿದಾಗ ಒಬ್ಬಳು ಸತ್ತ ಹುಡುಗಿ ಗೋಡೆಯೊಳಗಿಂದ ನಡೆದು ಬಂದು ಗಂಡನ ಹೊದಿಕೆ ಸರಿಮಾಡುತ್ತಿದ್ದಳು. ಅತ್ತೆ "ಯಾರದು ಬಂದಿದ್ದು?" ಅಂದರು. ಹೇಳತೊಡಗಿದೆ. ಇನ್ನೂ ನಿಲ್ಲಿಸಿಲ್ಲ.

ಇವತ್ತಿನದು: ಮದುವೆಯ ದಿನ ದೋಣಿ ಮಗುಚಿ ನದಿಯಲ್ಲಿ ಸತ್ತ ಹುಡುಗಿ. ದಡದಲ್ಲಿ ಕಾಗದದ ದೀಪ ಮಾಡಿ ಮಾರುವವನ ಮೇಲೆ ಅವಳಿಗೆ ಮನಸ್ಸು. ಬಿಳಿ ರೇಷ್ಮೆ, ನೆಲ ಗುಡಿಸುವಷ್ಟು ಉದ್ದದ ತೋಳು. ಮೂರು ಬೆಟ್ಟ ಹಾರಿ ಬಂದರೂ ಒಂದು ಸುಕ್ಕಿಲ್ಲ. ನನಗೆ ಹೊಟ್ಟೆ ಉರಿಯುವುದು ಅದೊಂದಕ್ಕೇ. ಅರ್ಧ ನೋಡಿದೆವು. ಉಳಿದದ್ದು ನಾಳೆ.

ಮಾರ್ಚ್ ೫, ಬುಧವಾರ

ಮುಗಿಯಿತು. ಎಂದಿನಂತೆ ಮೇಲಿನವರ ಕಾಟ. ಅವರ ಸ್ವರ್ಗವೂ ಒಂದು ಕಚೇರಿ — ಉದ್ದ ಗಡ್ಡದ ಅಧಿಕಾರಿಗಳು, ಮೊಹರು, ಕಡತ. ಸತ್ತವಳು ಬದುಕಿದವನನ್ನು ಪ್ರೀತಿಸುವಂತಿಲ್ಲ ಎಂದು ಆದೇಶ. ಸೇತುವೆ ದಾಟಿ ಮುಂದಿನ ಜನ್ಮಕ್ಕೆ ನಡೆ ಎಂದು ಶಿಕ್ಷೆ. ಸೇತುವೆಯ ಬಳಿ ಒಬ್ಬ ಮುದುಕಿ ಎಲ್ಲರಿಗೂ ಬಟ್ಟಲಿನಲ್ಲಿ ಸೂಪು ಕೊಡುತ್ತಾಳೆ. ಕುಡಿದರೆ ಈ ಜನ್ಮದ ನೆನಪೆಲ್ಲ ತೊಳೆದುಹೋಗುತ್ತದೆ.

"ಆ ಮುದುಕಿಗೆ ಬೇರೆ ಕೆಲಸ ಇಲ್ವೇನೇ?" ಅಂದರು ಅತ್ತೆ.

ಹುಡುಗಿ ಕುಡಿದಳು. ಮುಂದಿನ ಜನ್ಮ. ಸಂತೆ. ಅವಳನ್ನು ಕಂಡು ದೀಪದವನು ನಿಂತ, ಅವಳು ನಿಲ್ಲಲಿಲ್ಲ. ಸಬ್‌ಟೈಟಲ್‌ನಲ್ಲಿ ಬಂದದ್ದು ಒಂದೇ ಸಾಲು: ಅವಳಿಗೆ ಅವನ ನೆನಪಿಲ್ಲ. ಸಿನಿಮಾ ಮುಗಿದೇಹೋಯಿತು.

ನಾನು ಹೇಳಿದ್ದು ಬೇರೆ. "ಸೂಪು ಬಾಯಲ್ಲೇ ಇಟ್ಕೊಂಡಿದ್ಲು ಅತ್ತೆ. ಮುದುಕಿ ಆ ಕಡೆ ತಿರುಗಿದ ತಕ್ಷಣ ನದಿಗೆ ಉಗುಳಿಬಿಟ್ಲು. ಈಗ ಮೇಲಿನವರಿಗೆ ಗೊತ್ತಾಗಬಾರದು ಅಂತ ಗುರುತಿಲ್ಲದವರ ಹಾಗೆ ನಡೀತಿದಾಳೆ. ಬೀದಿ ತಿರುಗಿದ ಮೇಲೆ ಮಾತಾಡ್ತಾಳೆ."

"ಜಾಣೆ," ಅಂದರು. ಆಮೇಲೆ ಹಾಸಿಗೆ ಹಾಸುವಾಗಲೂ ಒಬ್ಬರೇ ನಗುತ್ತಿದ್ದರು.

ಇದು ಮೊದಲ ಸಲವೇನಲ್ಲ. ಪ್ರೇಮಿಗಳನ್ನು ಅಗಲಿಸದೆ ಸಿನಿಮಾ ಮುಗಿಸಲು ಆ ಜನಕ್ಕೆ ಮನಸ್ಸೇ ಬಾರದು. ಒಬ್ಬಳನ್ನು ಕಲ್ಲು ಮಾಡುತ್ತಾರೆ, ಒಬ್ಬನನ್ನು ಮಂಜು ಮಾಡುತ್ತಾರೆ. ಮಾಡಲಿ. ಈ ಮನೆಯ ಇಬ್ಬರು ಹೆಂಗಸರನ್ನು ಅಳಿಸಿ ಮಲಗಿಸುವ ಅಧಿಕಾರ ಯಾವ ನಿರ್ದೇಶಕನಿಗೂ ನಾನು ಕೊಟ್ಟಿಲ್ಲ.

ಮಾರ್ಚ್ ೯, ಭಾನುವಾರ

ಮೈದುನ, ಓರಗಿತ್ತಿ ಬಂದಿದ್ದರು. ಟಿ.ವಿ.ಯಲ್ಲಿ ನರಿಯೊಂದು ಹೆಣ್ಣಾಗಿ ಬಂದು ಬಾಗಿಲು ತಟ್ಟುವ ಹೊತ್ತಿಗೇ ಅವರೂ ತಟ್ಟಿದರು. ಅತ್ತೆ ಬೆಚ್ಚಿಬಿದ್ದರು, ಆಮೇಲೆ ನಕ್ಕರು. ಮೈದುನನಿಗೆ ನಗು ಬರಲಿಲ್ಲ.

"ಅತ್ತಿಗೆ, ಅಮ್ಮನಿಗೆ ಇದನ್ನೇ ತೋರಿಸ್ತೀರಾ ದಿನಾ?"

"ಅವರೇ ಕೇಳ್ತಾರೆ."

"ಮೊನ್ನೆ ಫೋನಲ್ಲಿ ಏನಂದ್ರು ಗೊತ್ತಾ? ಅಣ್ಣ ಎಲ್ಲಿಗೂ ಹೋಗಿಲ್ಲ, ಮೇಲಿನವರು ಬಿಡ್ತಿಲ್ಲ ಅಷ್ಟೇ ಅಂತ."

ನನಗೆ ತಡೆಯಲಾಗದೆ ನಗು ಬಂತು. ತಪ್ಪಾಯಿತೇನೋ. ಓರಗಿತ್ತಿ ಮೆಲ್ಲಗೆ ಹೇಳಿದಳು, "ಅಕ್ಕಾ, ನೀವೂ ಸ್ವಲ್ಪ ಹೊರಗೆ ಬನ್ನಿ ಇದರಿಂದ. ಎಲ್ಲ ಭ್ರಮೆ ಅಲ್ವಾ." ಭ್ರಮೆ ಎಂದು ಗೊತ್ತಿಲ್ಲದೆ ನೋಡುವವರು ಯಾರು? ಸಂಜೆ ಆರರವರೆಗೆ ನಾನು ನೋಡುವುದೆಲ್ಲ ನಿಜವೇ. ಪ್ಯಾಂಟಿನ ಮಡಿಕೆ ನಿಜ, ಕಾಲರಿನ ಕೊಳೆ ನಿಜ. ಆಮೇಲಾದರೂ ಒಬ್ಬಳು ಹಾರಬಾರದೇ?

ಕೊನೆಗೆ ವಿಷಯ ಹೊರಗೆ ಬಂತು. ಅಮ್ಮ ತಮ್ಮ ಮನೆಯಲ್ಲಿ ಕೆಲವು ದಿನ ಇರಲಿ, ಹೊಂದಿಕೊಂಡರೆ ಅಲ್ಲೇ ಇದ್ದುಬಿಡಲಿ. ಅತ್ತೆಗೆ ಅಲ್ಲಿರುವ ಮೊಮ್ಮಗಳನ್ನು ನೋಡುವ ಆಸೆಯೂ ಇದೆ. ನಾನು ಏನೆನ್ನಲಿ? ಅವರು ಅವನ ತಾಯಿ. ನನಗೆ ಅವರು ಏನಾಗಬೇಕು? ಗಂಡನ ತಾಯಿ, ಗಂಡನೇ ಇಲ್ಲ. ಯಾವ ಕಚೇರಿಯಲ್ಲಿ ಕೇಳಿದರೂ ಅವನಿಗೇ ಕೊಡುತ್ತಾರೆ.

ಅವರು ಹೋಗಬಾರದು. ಇಲ್ಲಿ ಬರೆದುಕೊಳ್ಳುತ್ತೇನೆ, ಬೇರೆ ಎಲ್ಲೂ ಹೇಳಲಾಗಲಿಲ್ಲ. ಅವರು ಹೋಗಬಾರದು.

ಮಾರ್ಚ್ ೧೨, ಬುಧವಾರ

ಹೋದರು. ಕಾರಿನೊಳಗೆ ಕೂತು "ಆ ನರೀದು ನಾನು ಬರೋವರೆಗೂ ನೋಡ್ಬೇಡ" ಅಂದರು. ನೋಡಿಲ್ಲ.

ಬೇರೊಂದು ಹಾಕಿದೆ. ಯಾರೂ ಇಲ್ಲದಿದ್ದರೂ ಗಟ್ಟಿಯಾಗಿ ಓದುತ್ತಿದ್ದೇನೆ ಎಂದು ಗೊತ್ತಾದದ್ದು ಸುಮಾರು ಹೊತ್ತಾದ ಮೇಲೆ. ಅಭ್ಯಾಸ. ನಿಲ್ಲಿಸಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಊಟದ ಹೊತ್ತಿಗೆ ಗುಂಡಿ ಮತ್ತೆ ಶುರು. "ಅಂಥದ್ದೇನಿದೆ ಅದರಲ್ಲಿ, ಒಂದ್ಸಲ ಬಿಡಿಸಿ ಹೇಳಿ."

ಹೇಳಿದೆ. ನಮ್ಮ ಕಡೆ ಸತ್ತವರು ಹೋದರೆ ಹೋದರು. ಫೋಟೋಗೆ ಕೈಮುಗಿಯಬೇಕು, ನಿಟ್ಟುಸಿರು ಬಿಡಬೇಕು, ಎಲ್ಲರೂ "ಗಟ್ಟಿಯಾಗಿರು" ಅನ್ನುತ್ತಾರೆ. ಅಲ್ಲಿ ಹಾಗಲ್ಲ. ಅಲ್ಲಿ ಹೆಂಗಸು ಯಮನ ಬಾಗಿಲಿಗೇ ಹೋಗಿ ಮೇಜು ಗುದ್ದುತ್ತಾಳೆ. ಮೂರು ಜನ್ಮ ಕಾಯುತ್ತೇನೆ ಅನ್ನುತ್ತಾಳೆ, ಅಂದದ್ದನ್ನು ಮಾಡುತ್ತಾಳೆ. ಯಾರೂ ಅವಳಿಗೆ ಗಟ್ಟಿಯಾಗಿರು ಅನ್ನುವುದಿಲ್ಲ, ಹೆದರಿ ದಾರಿ ಬಿಡುತ್ತಾರೆ. ಮೋಡ, ಹೂವು, ಕೊಳಲು ಎಲ್ಲ ಹೆಚ್ಚೇ, ಒಪ್ಪುತ್ತೇನೆ. ನನ್ನ ದುಃಖವೂ ಹೆಚ್ಚೇ ಇತ್ತು. ಅದರ ಅಳತೆಗೆ ಸರಿಹೋದದ್ದು ಅದೊಂದೇ.

ಗುಂಡಿ ದಾರ ಕಚ್ಚಿ ತುಂಡು ಮಾಡಿದಳು. "ಒಂದು ಹೆಸರು ಬರೆದುಕೊಡಿ, ನೋಡ್ತೀನಿ," ಅಂದಳು. ನೋಡಲಿಕ್ಕಿಲ್ಲ.

ಮಾರ್ಚ್ ೧೯, ಬುಧವಾರ

ಮೈದುನನ ಫೋನ್. ದನಿ ಬೇರೆಯೇ ಇತ್ತು.

ಅತ್ತೆ ಅಲ್ಲೂ ಸಿನಿಮಾ ಬೇಕೆಂದರಂತೆ. ಆ ನದಿಯ ಹುಡುಗಿಯದೇ ಬೇಕು, ಮೊಮ್ಮಗಳಿಗೆ ತೋರಿಸಬೇಕು ಎಂದು. ಮೊಮ್ಮಗಳು ಕಾಲೇಜು ಹುಡುಗಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಓದಿ ಹೇಳಿದಳು. ಕೊನೆಗೆ, "ಅವಳು ಸೂಪು ಕುಡಿದಳು ಅಜ್ಜಿ, ಎಲ್ಲ ಮರೆತುಹೋಯ್ತು" ಅಂದಳು.

ಅತ್ತೆ ಒಪ್ಪಲಿಲ್ಲ. ಕುಡಿಯಲಿಲ್ಲ, ಉಗುಳಿದಳು, ನಾನೇ ನೋಡಿದ್ದೇನೆ, ಅಂದರು. ಮೊಮ್ಮಗಳು ಹಿಂದೆ ಓಡಿಸಿ ಮತ್ತೆ ಹಾಕಿದಳು. ನದಿಯ ಹುಡುಗಿ ಮತ್ತೆ ಕುಡಿದಳು. ನಿಮ್ಮ ಮನೆಯ ಸಿನಿಮಾನೇ ಸರಿಯಿಲ್ಲ ಎಂದು ಅತ್ತೆ ಜಗಳಕ್ಕೇ ನಿಂತರಂತೆ. ಊಟ ಬಿಟ್ಟರಂತೆ.

"ಇಲ್ಲದ್ದನ್ನ ಕಂಡೆ ಅಂತಿದ್ದಾರೆ ಅತ್ತಿಗೆ. ಎಷ್ಟು ಖಚಿತವಾಗಿ ಹೇಳ್ತಾರೆ ಅಂದ್ರೆ ಭಯ ಆಗುತ್ತೆ. ಶುಕ್ರವಾರ ಮರೆವಿನ ಡಾಕ್ಟರ್ ಹತ್ರ ತೋರಿಸ್ತಿದ್ದೀವಿ. ಇನ್ನು ಅವರನ್ನ ಅಲ್ಲಿಗೆ ಕಳಿಸೋ ಮಾತೇ ಇಲ್ಲ, ನೀವು ಹಗಲು ಕೆಲಸಕ್ಕೆ ಹೋಗೋರು."

ನಾನು "ಹ್ಞೂಂ" ಅಂದೆ. ಬರೀ ಹ್ಞೂಂ. ನಾಲಿಗೆ ಎಲ್ಲಿ ಹೋಗಿತ್ತೋ.

ಮಾರ್ಚ್ ೨೦, ಗುರುವಾರ

ಒಂದು ಬಿಳಿ ಅಂಗಿಯ ಕಾಲರ್ ಸುಟ್ಟೆ. ಇಷ್ಟು ವರ್ಷಗಳಲ್ಲಿ ಮೊದಲು. ಅಂಗಡಿ ಯಜಮಾನರು ಬೈಯದೆ ನನ್ನ ಮುಖ ನೋಡಿ ಹೋದರು.

ಹೇಳಿದರೆ — ಸುಳ್ಳು ಹೇಳುವವಳು, ಕಣ್ಣು ಕಾಣದವರಿಗೆ ಮೋಸ ಮಾಡುವವಳು, ಇವಳ ಹತ್ತಿರ ಅಮ್ಮನನ್ನು ಹೇಗೆ ಬಿಡುವುದು ಅನ್ನುತ್ತಾರೆ. ಅತ್ತೆಗೂ ಗೊತ್ತಾಗುತ್ತದೆ. ಹೇಳದಿದ್ದರೆ — ಅತ್ತೆಯ ತಲೆ ಕೆಟ್ಟಿತು ಎಂದಾಗುತ್ತದೆ. ಇನ್ನು ಅವರು ಏನೇ ಹೇಳಲಿ, ಉಪ್ಪು ಕಮ್ಮಿ ಅಂದರೂ, ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡರಲ್ಲೂ ಅತ್ತೆ ನನಗಿಲ್ಲ. ಆದರೆ ಒಂದರಲ್ಲಿ ಅವರ ಮಾತಿಗೆ ಬೆಲೆ ಉಳಿಯುತ್ತದೆ.

ನಾಳೆ ರಜೆ ಕೇಳಿದ್ದೇನೆ.

ಮಾರ್ಚ್ ೨೧, ಶುಕ್ರವಾರ

ಡಾಕ್ಟರ ಕೋಣೆ ಚಿಕ್ಕದು. ನಾನೂ ನುಗ್ಗಿದ್ದು ಓರಗಿತ್ತಿಗೆ ಹಿಡಿಸಲಿಲ್ಲ, ಗೋಡೆಗೆ ಒತ್ತಿಕೊಂಡು ನಿಂತಳು. ಅತ್ತೆ ಕುರ್ಚಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು, ತಪ್ಪು ಮಾಡಿದ ಮಕ್ಕಳ ಹಾಗೆ. ಅದನ್ನು ನೋಡಿಯೇ ಮೈ ಉರಿಯಿತು.

ಮೈದುನ ಎಲ್ಲ ವಿವರಿಸಿದ. ಸೇತುವೆ, ಸೂಪು, ಉಗುಳಿದ್ದು. ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದರು.

"ಬರೀಬೇಡಿ," ಅಂದೆ. "ಉಗುಳಿದಳು ಅಂತ ಹೇಳಿದ್ದು ನಾನು."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಮತ್ತೆ ಹೇಳಬೇಕಾಯಿತು. ಅವರಿಗೆ ಅಕ್ಷರ ಕಾಣುವುದಿಲ್ಲ, ಓದಿ ಹೇಳುವವಳು ನಾನು, ಕೊನೆ ಇಷ್ಟವಾಗದಿದ್ದರೆ ಬದಲಾಯಿಸುತ್ತೇನೆ.

"ಅಂದ್ರೆ ಅಕ್ಕಾ, ಇಷ್ಟು ದಿನ ಅತ್ತೆಗೆ ಸುಳ್ಳು ಹೇಳ್ಕೊಂಡು ಬಂದ್ರಾ?"

"ಹೌದು."

"ನಾಚಿಕೆ ಆಗಲ್ವಾ ಅತ್ತಿಗೆ?" ಮೈದುನ.

"ಇಲ್ಲ. ಕೊನೆ ಸರಿಯಿರಲಿಲ್ಲ, ಸರಿಮಾಡಿದೆ. ಅವರ ತಲೆ ಸರಿಯಾಗೇ ಇದೆ. ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ನೆನಪಿಟ್ಕೊಂಡಿದ್ದಾರೆ. ನಿಮ್ಮಲ್ಲಿ ಯಾರಿಗಿದೆ ಅಂಥ ನೆನಪು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅತ್ತೆಗೆ ಏನೇನೋ ಕೇಳಿದರು — ವಾರ, ತಿಂಗಳು, ಹಿಂದಿನ ದಿನ ತಿಂದದ್ದು. ಎಲ್ಲಕ್ಕೂ ಸರಿಯಾದ ಉತ್ತರ. ವಯಸ್ಸಿಗೆ ತಕ್ಕಷ್ಟಿದೆ, ಗಾಬರಿ ಬೇಡ, ಅಂದರು.

ಗೆದ್ದೆ. ಆದರೆ ಅತ್ತೆ ನನ್ನ ಕಡೆ ತಿರುಗಲಿಲ್ಲ. ಮಾತಾಡಿಸಿದೆ, ಮೈದುನನ ತೋಳು ಹಿಡಿದು ಕಾರಿಗೆ ನಡೆದರು.

ಮಾರ್ಚ್ ೨೮, ಶುಕ್ರವಾರ

ಫೋನಿಲ್ಲ. ನಾನು ಮಾಡಿದರೆ ಓರಗಿತ್ತಿ "ಮಲಗಿದ್ದಾರೆ" ಅನ್ನುತ್ತಾಳೆ. ಯಾವ ಹೊತ್ತಿಗೆ ಮಾಡಿದರೂ ಮಲಗಿರುತ್ತಾರೆ.

ನಾನು ಪಶ್ಚಾತ್ತಾಪ ಪಡಬೇಕಂತೆ, ಅದೂ ಅವಳೇ ಹೇಳಿದ್ದು. ಪ್ರಯತ್ನಪಟ್ಟೆ, ಬರಲಿಲ್ಲ. ಅತ್ತೆ ಇಲ್ಲದ್ದಕ್ಕೆ ಅಳು ಬರುತ್ತದೆ, ಅದು ಬೇರೆ.

ಮಾರ್ಚ್ ೩೦, ಭಾನುವಾರ

ಮಧ್ಯಾಹ್ನ ಬಾಗಿಲಲ್ಲಿ ಅತ್ತೆ. ಪಕ್ಕದಲ್ಲಿ ಮೊಮ್ಮಗಳು, ಕೈಯಲ್ಲಿ ಅತ್ತೆಯ ಚೀಲ. "ಅಪ್ಪಂಗೆ ಹೇಳಿಯೇ ಬಂದಿದ್ದು ದೊಡ್ಡಮ್ಮಾ. ಕೂಗಾಡಿದ್ರು. ಅಜ್ಜಿ ಅದಕ್ಕಿಂತ ಜೋರಾಗಿ ಕೂಗಾಡಿದ್ರು," ಅಂದು ಟೀ ಕುಡಿದು ಹೋದಳು.

ಅತ್ತೆ ತಮ್ಮ ಕುರ್ಚಿಯಲ್ಲಿ ಕೂತರು. ಟಿ.ವಿ. ಕೇಳಲಿಲ್ಲ.

"ಎಲ್ಲ ಸಿನಿಮಾದಲ್ಲೂ ಹಾಗೇ ಮಾಡಿದ್ಯಾ?"

"ಹೆಚ್ಚು ಕಮ್ಮಿ ಎಲ್ಲದರಲ್ಲೂ."

ಆಮೇಲೆ ಕೇಳಿದರು. ಇಷ್ಟು ದಿನ ಮುಖ ತಿರುಗಿಸಿಕೊಂಡಿದ್ದು ಇದಕ್ಕೇ ಎಂದು ಆಗ ತಿಳಿಯಿತು.

"ನನ್ನ ಮಗಂದು? ಅದ್ರಲ್ಲೇನು ಬದಲಾಯಿಸಿದೆ?"

ಅವರ ಎದುರು ನೆಲದ ಮೇಲೆ ಕೂತೆ. ಇವರು ಹೋದ ದಿನ ಹೇಳಿದ್ದನ್ನೇ ಮತ್ತೆ ಹೇಳಿದೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಯಾರೂ ಜೊತೆಗಿರಲಿಲ್ಲ. ನಿಮ್ಮನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಏನೂ ಹೇಳಿ ಹೋಗಲಿಲ್ಲ.

ಅತ್ತೆ ಕೈ ಚಾಚಿ ನನ್ನ ತಲೆ ಹುಡುಕಿದರು.

"ಅದೇ ಯೋಚನೆ ಮಾಡ್ತಿದ್ದೆ. ಸುಳ್ಳು ಹೇಳೋಳಾಗಿದ್ರೆ ಅಲ್ಲಿ ಹೇಳ್ತಿದ್ದಳು ಅಂತ. ಅಮ್ಮಾ ಅಂದ ಅಂತ ಒಂದು ಮಾತು ಸೇರಿಸೋಕೆ ನಿಂಗೇನು ಕಷ್ಟ ಇತ್ತು."

ಇಬ್ಬರೂ ಅತ್ತೆವು. ಚೆನ್ನಾಗಿ ಅತ್ತೆವು.

ಏಪ್ರಿಲ್ ೬, ಭಾನುವಾರ, ಸಂಜೆ ೫

ಮೈದುನ ಫೋನ್ ಮಾಡಿ "ಸರಿ ಅತ್ತಿಗೆ, ಅಮ್ಮ ಹೇಳಿದ ಹಾಗೆ ಅಲ್ಲೇ ಇರಲಿ, ಆದ್ರೆ ಇದ್ದದ್ದನ್ನ ಇದ್ದ ಹಾಗೆ ಓದಿ" ಅಂದ. ಅತ್ತೆಯೂ ಅದನ್ನೇ ಅಂದರು. ಇನ್ನು ಇದ್ದದ್ದನ್ನೇ ಓದು.

ಓದಿದೆ. ಹೊಸದು. ಹಿಮದ ಬೆಟ್ಟದ ಕಾವಲುಗಾರ, ಅವನಿಗಾಗಿ ಸಾವಿರ ವರ್ಷದ ಆಯುಸ್ಸು ಬಿಟ್ಟುಕೊಟ್ಟ ಹಕ್ಕಿಹೆಣ್ಣು. ಕೊನೆಯಲ್ಲಿ ಅವನು ಅವಳ ತೊಡೆಯ ಮೇಲೆ ಸತ್ತ. ಅವಳು ಬೆಳಗಾಗುವವರೆಗೂ ಅವನ ಕೂದಲು ಬಾಚುತ್ತಾಳೆ, ಹಿಮ ಬೀಳುತ್ತದೆ, ಅಷ್ಟೇ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ನಾಲಿಗೆ ಬಿಗಿಹಿಡಿದು ಓದಿದೆ.

ಪರದೆಯ ಮೇಲೆ ಹೆಸರುಗಳು ಹೋಗುತ್ತಿದ್ದವು. ಅತ್ತೆ ಮೂಗೊರೆಸಿಕೊಂಡರು.

"ಇಷ್ಟೇನಾ ಇದ್ದದ್ದು?"

"ಇಷ್ಟೇ."

"ಸರಿ, ಕೇಳಿದ್ದಾಯ್ತು. ಈಗ ನಿಂದು ಹೇಳು."

ನೀರು ಕುಡಿದು ಬರುತ್ತೇನೆ ಎಂದು ಅಡುಗೆಮನೆಗೆ ಬಂದು ನಿಂತೇ ಇದನ್ನು ಗೀಚುತ್ತಿದ್ದೇನೆ. ಸ್ವಲ್ಪ ಯೋಚಿಸಬೇಕು. ಕರೆಯುತ್ತಿದ್ದಾರೆ. ಬಂದೆ ಅತ್ತೆ. ಹೀಗೆ ಶುರುಮಾಡುತ್ತೇನೆ — ಅವಳು ಬಾಚುತ್ತಿದ್ದಾಳಲ್ಲ, ಬೆಳಕು ಹರಿಯುವಾಗ ಅವನ ಕೈಬೆರಳು